ಕೇಸ್ ಶೀಟಿನಲ್ಲಿ ಜಯಮ್ಮನ ಹೆಸರು

ಸರೋಜಕ್ಕಾ,

ನೀವು ಓದುತ್ತೀರಿ ಎಂದುಕೊಂಡೇ ಬರೆಯುತ್ತಿದ್ದೇನೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮೊದಲು ಕಾಗುಣಿತದ ತಪ್ಪು ಹುಡುಕಿ, ಆಮೇಲೆ ವಿಷಯಕ್ಕೆ ಬರುತ್ತೀರಿ. ಹದಿನೈದು ವರ್ಷ ನನ್ನ ವಾರ್ಡ್ ನೋಟ್ಸ್ ಓದಿದ್ದು ಹಾಗೆಯೇ ಅಲ್ಲವೇ? ನೀವು ತೀರಿಹೋಗಿ ಹದಿನಾಲ್ಕು ತಿಂಗಳಾಯಿತು. ಆ ದಿನ ಕುಣಿಗಲ್ಲಿನ ನಿಮ್ಮ ಮನೆಗೆ ಬಂದವಳು ಆಮೇಲೆ ಆ ಕಡೆ ಬರಲಿಲ್ಲ. ಎರಡು ಸಲ ಬಸ್ ಸ್ಟ್ಯಾಂಡಿನವರೆಗೂ ಹೋಗಿ... ಇರಲಿ, ಅದನ್ನು ಹೇಳುವುದಕ್ಕೆ ಕೂತಿಲ್ಲ. ನಾನೊಂದು ತಪ್ಪು ಮಾಡಿದೆ ಅಕ್ಕಾ. ನೀವು ಇದ್ದಿದ್ದರೆ ಆವತ್ತೇ ನಿಮ್ಮ ಮುಂದೆ ಬಂದು ನಿಲ್ಲುತ್ತಿದ್ದೆ. ಇಲ್ಲದ್ದಕ್ಕೆ ಎಲ್ಲರಿಗೂ ಹೇಳಿಯಾದ ಮೇಲೆ ಕೊನೆಗೆ ನಿಮಗೆ ಹೇಳುತ್ತಿದ್ದೇನೆ.

ನಿಮ್ಮ ನಿವೃತ್ತಿಯ ದಿನ ನೆನಪಿದೆಯಾ? ಕೆಳಗೆ ಹಾಲಿನಲ್ಲಿ ನಿಮಗೆ ಶಾಲು ಹೊದಿಸುತ್ತಿದ್ದ ಹೊತ್ತಿಗೆ ಮೇಲೆ ನಮ್ಮ ಲೇಬರ್ ವಾರ್ಡಿನಲ್ಲಿ ಒಟ್ಟೊಟ್ಟಿಗೆ ಎರಡು ಹೆರಿಗೆ. ಇಪ್ಪತ್ತೆಂಟು ವರ್ಷ ನಿಮ್ಮ ಜೊತೆ ಕೆಲಸ ಮಾಡಿದವರಲ್ಲಿ ಒಬ್ಬರಿಗೂ ಕೆಳಗೆ ಬರಲಾಗಲಿಲ್ಲ. ನೀವೇ ಶಾಲು ಹೊದ್ದುಕೊಂಡು ಮೇಲೆ ಬಂದಿರಿ. ಬಂದವರು ಸುಮ್ಮನೆ ನಿಲ್ಲುತ್ತೀರಾ? ಗ್ಲೌಸ್ ಹಾಕಿಕೊಂಡಿರಿ. "ಶಾಲು ತೆಗೀರಿ ಅಕ್ಕ, ಕಲೆ ಆಗುತ್ತೆ" ಅಂದೆ. "ಆಗ್ಲಿ ಬುಡೇ, ಇದನ್ನ ಹೊದ್ಕೊಂಡು ನಾನೆಲ್ಲಿಗೆ ಹೋಗ್ಲಿ" ಅಂದಿರಿ. ಎಲ್ಲರೂ ನಕ್ಕೆವು.

ಜಯಮ್ಮ ಆಯಾ ಕೆಲಸಕ್ಕೆ ಸೇರಿದ ಮೊದಲ ವಾರವೂ ನೆನಪಾಗುತ್ತಿದೆ. ಗುಬ್ಬಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು. ಬೆಡ್‌ಪ್ಯಾನ್ ತೊಳೆಯುವುದು, ಬಟ್ಟೆ ಬದಲಿಸುವುದು, ನೆಲದ ರಕ್ತ ಒರೆಸುವುದು, ಇಷ್ಟೇ ಅವಳಿಗೆ ಹೇಳಿದ್ದ ಕೆಲಸ. ನೀವು ಅವಳ ಕೈ ಹಿಡಿದು, ಆಗತಾನೆ ಹೆತ್ತಿದ್ದ ಒಬ್ಬಳ ಹೊಟ್ಟೆಯ ಮೇಲಿಟ್ಟು ಕೇಳಿದಿರಿ.

"ಏನ್ ಸಿಕ್ತು ಕೈಗೆ?"

"ಗಟ್ಟಿಗೈತೆ ಸಿಸ್ಟರ್. ತೆಂಗಿನ್‌ಕಾಯಿ ಇದ್ದಂಗೆ."

"ಗರ್ಭಕೋಶ ಅದು. ಹೆರಿಗೆ ಆದ್ಮೇಲೆ ಹಿಂಗೇ ಇರ್ಬೇಕು. ಮೆತ್ಗಾದ್ರೆ ರಕ್ತ ನಿಲ್ಲಲ್ಲ, ಜೀವ ಹೋಯ್ತದೆ. ಮೆತ್ಗಾದ್ರೆ ಏನ್ ಮಾಡ್ತೀಯ?"

"ನಿಮ್ಮುನ್ನ ಕರೀತೀನಿ."

"ಕರಿ. ಕರೀತಾನೇ ಉಜ್ಜು. ನಾನು ಬರೋಗಂಟ ಕೈ ತೆಗೀಬ್ಯಾಡ."

ಆಯಾಗಳು ಪೇಷಂಟನ್ನು ಮುಟ್ಟುವಂತಿಲ್ಲ ಎಂದು ಆಡಳಿತಾಧಿಕಾರಿ ನಿಮ್ಮನ್ನು ಕರೆಸಿ ಹೇಳಿದ್ದರು. "ಸರಿ ಸರ್" ಅಂದು ಬಂದು ಮಾರನೆಯ ದಿನ ಇನ್ನೊಬ್ಬ ಆಯಾಳಿಗೆ ಹೇಳಿಕೊಟ್ಟಿರಿ. ನಾನೂ ಒಂದು ಸಲ ಕೇಳಿದ್ದೆ, ಇವರಿಗೆಲ್ಲ ಯಾಕಕ್ಕ ಇದು, ನಾವಿಲ್ವಾ ಎಂದು. ನೀವು ನನ್ನ ಮುಖ ನೋಡಿದಿರಿ, ಉತ್ತರ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಈಗ ಗೊತ್ತಾಗಿದೆ.

ಈ ವರ್ಷದ ಮಹಿಳಾ ದಿನಕ್ಕೆ ಹದಿನೈದು ದಿನ ಮೊದಲೇ ನೋಟಿಸ್ ಬೋರ್ಡಿಗೆ ಪಟ್ಟಿ ಬಿತ್ತು. ಸನ್ಮಾನಕ್ಕೆ ಮೂವರು ನರ್ಸುಗಳ ಹೆಸರು, ಎರಡನೆಯದು ನನ್ನದು. ನೀವು ಇದ್ದ ಜಾಗದಲ್ಲಿ ಲೇಬರ್ ವಾರ್ಡಿನ ಇನ್‌ಚಾರ್ಜ್ ಆಗಿದ್ದೆನಲ್ಲ. ಆಯಾಗಳ ಹೆಸರು ಒಂದೂ ಇರಲಿಲ್ಲ. ಅವರು ಕಂಟ್ರಾಕ್ಟ್ ಏಜೆನ್ಸಿಯವರು, ನಮ್ಮ ಸಿಬ್ಬಂದಿ ಲೆಕ್ಕಕ್ಕೆ ಬರುವುದಿಲ್ಲ ಎಂದರು. ನಾನು ಅದರ ಬಗ್ಗೆ ಎರಡನೇ ಸಲ ಯೋಚಿಸಲಿಲ್ಲ. ನನಗೆ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ? ನನ್ನವರು ಊರಾಚೆ ಸತ್ಯಮಂಗಲದ ಫ್ಯಾಕ್ಟರಿಯಲ್ಲಿ ಅರ್ಧ ದಿನ ಪರ್ಮಿಷನ್ ಕೇಳಿ, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದು ಹಾಲಿನಲ್ಲಿ ಕೂತಿದ್ದರು. ಬೆಳಿಗ್ಗೆ ಜಯಮ್ಮ ಮತ್ತು ಇನ್ನಿಬ್ಬರು ಆಯಾಗಳು ಆ ಹಾಲಿಗೆ ಕುರ್ಚಿ ಜೋಡಿಸಿ, ನೆಲ ಒರೆಸಿ ತಂತಮ್ಮ ವಾರ್ಡಿಗೆ ಹೋದರು.

ಪವಿತ್ರಳಿಗೆ ಹೆರಿಗೆ ಆಗಿದ್ದು ಅವತ್ತು ಹತ್ತೂ ಮುಕ್ಕಾಲಿಗೆ. ಹಾಗಲವಾಡಿ ಕಡೆಯ ಹುಡುಗಿ, ಮೊದಲ ಹೆರಿಗೆ. ಹೆಣ್ಣು ಮಗು, ಮೂರು ಕೆಜಿಗೆ ಸ್ವಲ್ಪ ಕಡಿಮೆ. ಏನೂ ತೊಂದರೆ ಇರಲಿಲ್ಲ. ಕಾಲು ಗಂಟೆ ಬಿಟ್ಟು ಹೊಟ್ಟೆ ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. ರಕ್ತ ಹೋಗುತ್ತಿದ್ದದ್ದೂ ಇರಬೇಕಾದಷ್ಟೇ. ಜೊತೆಯ ನರ್ಸ್ ರಜೆ ಹಾಕಿದ್ದಳು, ವಾರ್ಡಿನಲ್ಲಿ ನರ್ಸ್ ಅಂತ ಇದ್ದದ್ದು ನಾನೊಬ್ಬಳೇ. ಆಗ ಕೆಳಗೆ ಮೈಕಿನಲ್ಲಿ, ಸನ್ಮಾನಿತರು ವೇದಿಕೆಗೆ ಬರಬೇಕು ಎಂದು ಕೂಗಿದರು. ಹೆರಿಗೆಯಾದ ಮೇಲೆ ಎರಡು ಗಂಟೆ ತಾಯಿಯನ್ನು ಬಿಟ್ಟು ಕದಲಬಾರದು ಎಂದು ನೀವು ನನಗೆ ಎಷ್ಟು ಸಲ ಹೇಳಿದ್ದೀರಿ? ನಾನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೇನೆ?

"ಜಯಮ್ಮ, ಐದ್ ನಿಮಿಷ ನೋಡ್ಕೊ, ಬಂದ್‌ಬಿಟ್ಟೆ" ಅಂದೆ.

"ಹೋಗ್ಬನ್ನಿ ಸಿಸ್ಟರ್. ಪೋಟೋ ಚೆಂದಾಗ್ ಬರ್ಲಿ" ಅಂದಳು. ನನ್ನ ಭುಜದ ಮೇಲಿದ್ದ ಹತ್ತಿಯ ಎಳೆಯೊಂದನ್ನು ತೆಗೆದು ಕಳಿಸಿದಳು.

ವೇದಿಕೆ ಹತ್ತಿ ಕೂತ ಮೇಲೆ ಗೊತ್ತಾಯಿತು, ಭಾಷಣ ಮೊದಲು, ಶಾಲು ಆಮೇಲೆ. ತಡವಾಗಿ ಬಂದ ಅತಿಥಿಗಳು ನಿಧಾನವಾಗಿ ಮಾತು ಶುರು ಮಾಡಿದರು. ಹೆಣ್ಣು ಎಂದರೆ ಸಹನೆ, ನರ್ಸ್ ಎಂದರೆ ಬಿಳಿ ಉಡುಪಿನ ದೇವತೆ ಎಂದರು. ಐದು ನಿಮಿಷವಾಯಿತು. ಹತ್ತಾಯಿತು. ಎದ್ದು ಹೋಗಬಹುದಿತ್ತು ಅಕ್ಕ. ವೇದಿಕೆಯ ಪಕ್ಕದಲ್ಲಿ ಬಾಗಿಲಿತ್ತು. ಎಲ್ಲರೂ ನೋಡುತ್ತಾರಲ್ಲ, ಅತಿಥಿಗಳಿಗೆ ಅವಮಾನ ಆಗುತ್ತದಲ್ಲ ಎಂದುಕೊಂಡು ಕಾಲಿನ ಬೆರಳು ಮಡಚಿಕೊಂಡು ಕೂತೆ. ಜೇಬಿನಲ್ಲಿದ್ದ ಫೋನನ್ನು ಸೈಲೆಂಟ್ ಮಾಡಿದ್ದೆ. ಏನಾದರೂ ಆಗಿದ್ದರೆ ಜಯಮ್ಮ ಬಂದು ಕರೆಯುತ್ತಿದ್ದಳು ಎಂದು ನನಗೆ ನಾನೇ ಹೇಳಿಕೊಂಡೆ. ಅವಳು ಬರಲಾಗದಂಥದ್ದು ಏನಾದರೂ ಆಗಿದ್ದರೆ ಎಂಬುದು ತಲೆಗೆ ಹೊಳೆಯಲಿಲ್ಲವೋ, ಹೊಳೆದರೂ ಒಳಗೆ ಬಿಟ್ಟುಕೊಳ್ಳಲಿಲ್ಲವೋ...

ನನ್ನ ಹೆಸರು ಕರೆದು ಶಾಲು ಹೊದಿಸಿದ್ದಷ್ಟೇ, ಹಾಲಿನ ಬಾಗಿಲಲ್ಲಿ ಪವಿತ್ರಳ ತಾಯಿ ಕಂಡರು. ಬರಿಗಾಲು, ಸೆರಗು ನೆಲಕ್ಕೆ ಬಿದ್ದಿತ್ತು. ಕೂಗಲೂ ಆಗದ ದನಿಯಲ್ಲಿ, "ಯಾರಾನ ಬನ್ರವ್ವ, ನನ್ ಮಗಳ ರಕ್ತ ನಿಲ್ತಿಲ್ಲ" ಅಂದರು. ಮುಂದಿನ ಸಾಲಿನಲ್ಲಿದ್ದ ನಮ್ಮ ಹೆರಿಗೆ ಡಾಕ್ಟರ್ ವಿನುತಾ ಮೇಡಂ ಚಪ್ಪಲಿ ಅಲ್ಲೇ ಬಿಟ್ಟು ಓಡಿದರು. ಹಿಂದೆ ನಾನು. ಎರಡು ಮಹಡಿ. ಒಂದೊಂದು ಮೆಟ್ಟಿಲಿಗೂ ನನಗೆ ಇಪ್ಪತ್ತೈದು ನಿಮಿಷ, ಇಪ್ಪತ್ತೈದು ನಿಮಿಷ ಎಂದೇ ಕೇಳಿಸುತ್ತಿತ್ತು.

ಬಾಗಿಲು ತಳ್ಳಿದಾಗ ಕಂಡದ್ದನ್ನು ನಿಮಗೆ ಹೇಗೆ ಹೇಳಲಿ. ಜಯಮ್ಮ ಒಂದು ಮಂಡಿಯನ್ನು ಹಾಸಿಗೆಯ ಮೇಲೂರಿ ಬಗ್ಗಿದ್ದಳು. ಎರಡೂ ಕೈ ಪವಿತ್ರಳ ಹೊಟ್ಟೆಯ ಮೇಲೆ. ಮುಖದ ಬೆವರು ಹನಿಹನಿಯಾಗಿ ಬೀಳುತ್ತಿತ್ತು. ಹಾಸಿಗೆ ಕೆಂಪಾಗಿ, ಅಂಚಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಪವಿತ್ರಳ ತುಟಿ ಬಿಳುಚಿಕೊಂಡಿತ್ತು. ಜಯಮ್ಮ ತಲೆ ಎತ್ತದೆ ಹೇಳಿದಳು.

"ಮೆತ್ಗಾಗೋಯ್ತು ಸಿಸ್ಟರ್. ಉಜ್ಜಿದ್ರೆ ಗಟ್ಟಿ ಆಯ್ತದೆ, ಬುಟ್ರೆ ಮೆತ್ಗಾಯ್ತದೆ. ಕೂಗ್ದೆ, ಯಾರೂ ಬರ್ಲಿಲ್ಲ. ಅವ್ರವ್ವನ್ನ ಕೆಳೀಕ್ ಕಳ್ಸ್ದೆ. ನಾನು ಕೈ ಬುಟ್ಟಿಲ್ಲ."

"ಬಿಡಬೇಡ ಜಯಮ್ಮ, ಹಂಗೇ ಇರು" ಅಂದರು ವಿನುತಾ ಮೇಡಂ. ನನ್ನ ಕಡೆ ತಿರುಗಿ, "ಎರಡೂ ಕೈಗೆ ಲೈನ್ ಹಾಕಿ, ಬೇಗ" ಅಂದರು. ನರ ಸಿಗುತ್ತಿಲ್ಲ. ಅವಳ ಕೈ ತಣ್ಣಗಿತ್ತು. ಮೂರನೇ ಸಲ ಸೂಜಿ ಒಳಹೋಯಿತು. ಇಂಜೆಕ್ಷನ್, ಡ್ರಿಪ್, ರಕ್ತದ ಬಾಟಲಿಗೆ ಫೋನು. ನಾಡಿ ಎಣಿಸಿದರೆ ಬೆರಳಿಗೆ ಸಿಕ್ಕಿದ ಹಾಗೆ, ಸಿಗದ ಹಾಗೆ. ತೊಟ್ಟಿಲಿನಲ್ಲಿ ಮಗು ಅಳುತ್ತಿತ್ತು, ಎತ್ತಿಕೊಳ್ಳುವವರಿಲ್ಲ. ಆ ಗದ್ದಲದಲ್ಲಿ ಜಯಮ್ಮ ಒಬ್ಬಳೇ ಪವಿತ್ರಳ ಜೊತೆ ಮಾತಾಡುತ್ತಿದ್ದಳು. "ಕಣ್ ಬುಡವ್ವ. ನಿನ್ ಮಗು ಅಳ್ತಾ ಐತೆ ಕೇಳ್ಸ್ಕೊ. ಕಣ್ ಮುಚ್ಬ್ಯಾಡ, ನನ್ ಮಕ ನೋಡು." ಮುಕ್ಕಾಲು ಗಂಟೆ. ಆಮೇಲೆ ಮೇಡಂ ಹೊಟ್ಟೆಯ ಮೇಲೆ ಕೈಯಿಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದು, "ಗಟ್ಟಿಯಾಯ್ತು. ಈಗ ತೆಗಿ ಜಯಮ್ಮ" ಅಂದರು. ಅವಳಿಗೆ ಬೆರಳು ಬಿಡಿಸಲು ಆಗಲಿಲ್ಲ. ನಾನು ಒಂದೊಂದಾಗಿ ಬಿಡಿಸಿದೆ. ನನ್ನ ಭುಜದ ಮೇಲೆ ಶಾಲು ಇನ್ನೂ ಇತ್ತು ಅಕ್ಕ. ಯಾರೂ ತೆಗೆದಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ಕೇಸ್ ಶೀಟ್ ಬರೆಯಲು ಕೂತೆ. ಗರ್ಭಕೋಶ ಸಡಿಲವಾಗಿದ್ದನ್ನು ಕರ್ತವ್ಯದಲ್ಲಿದ್ದ ನರ್ಸ್ ಗಮನಿಸಿದರು, ಉಜ್ಜಲಾಯಿತು, ವೈದ್ಯರಿಗೆ ತಿಳಿಸಲಾಯಿತು ಎಂದು ಮೂರು ಸಾಲು ಬರೆದೆ. ಕೆಳಗೆ ನನ್ನ ಸಹಿ. ಹಾಗೆ ಬರೆಯುವುದು ರೂಢಿ ಎಂದು ಯಾರಿಗೆ ಬೇಕಾದರೂ ಹೇಳಿಯೇನು, ನಿಮಗೆ ಹೇಳಲಾರೆ. ಬರೆಯುವಾಗ ಪ್ರತಿ ಪದವೂ ನನಗೆ ಗೊತ್ತಿತ್ತು. ನಾನು ವಾರ್ಡಿನಲ್ಲಿ ಇರಲೇ ಇಲ್ಲ ಎಂಬುದು ಆ ಮೂರು ಸಾಲಿನಲ್ಲಿ ಮುಚ್ಚಿಹೋಯಿತು.

ಮಾರನೆಯ ದಿನ ಪವಿತ್ರಳ ಗಂಡ ಲೋಕೇಶ್ ಆಡಳಿತಾಧಿಕಾರಿಯ ಕೋಣೆಯಲ್ಲಿ ಕೂತಿದ್ದ. ಅವಳ ಹೊಟ್ಟೆ ಮುಟ್ಟಿದರೆ ನೋಯುತ್ತಿತ್ತು. ಕಸ ಗುಡಿಸುವ ಆಯಾ ಹೊಟ್ಟೆ ಅಮುಕುತ್ತಿದ್ದಳು, ಅದಕ್ಕೇ ರಕ್ತ ಹೋಯಿತು ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಅವನ ಸಿಟ್ಟು ಸಹಜವೇ. ಅವನನ್ನು ಹೊರಗೆ ಕೂರಿಸಿ ಆಡಳಿತಾಧಿಕಾರಿ ನನ್ನನ್ನೂ ಜಯಮ್ಮನನ್ನೂ ಕರೆಸಿದರು.

"ಸಿಸ್ಟರ್, ನಿಮ್ಮ ನೋಟ್ಸ್ ಕ್ಲಿಯರ್ ಆಗಿದೆ. ನೀವು ನೋಡಿದ್ರಿ, ಡಾಕ್ಟರ್‌ಗೆ ಹೇಳಿದ್ರಿ. ಮಧ್ಯದಲ್ಲಿ ಆಯಾ ಕೈ ಹಾಕಿದ್ದಾಳೆ. ಏಜೆನ್ಸಿಗೆ ಹೇಳಿ ಬೇರೆಯವ್ರನ್ನ ಕಳ್ಸಕ್ಕೆ ಹೇಳ್ತೀನಿ. ಅಲ್ಲಿಗೆ ಮುಗೀತು."

ಜಯಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುತ್ತೇನೆ ಎಂದು ಕಾದಳು. ಎಷ್ಟು ಹೊತ್ತು ಕಾದಳೋ... ನಾನು ಮೇಜಿನ ಮೇಲಿದ್ದ ಪೇಪರ್ ವೇಟ್ ನೋಡುತ್ತಾ ನಿಂತೆ. "ಸರಿ ಬುಡಿ" ಅಂದು ಹೊರಗೆ ಹೋದಳು. ಮೇಲಿಂದ ತನ್ನ ಊಟದ ಡಬ್ಬಿಯ ಚೀಲ ತೆಗೆದುಕೊಂಡು ಗೇಟು ದಾಟಿದ್ದು ಕಿಟಕಿಯಲ್ಲಿ ಕಾಣಿಸಿತು.

ಮೂರು ದಿನ ನಾನು ಊಟ ಮಾಡಿದೆ, ಕೆಲಸಕ್ಕೆ ಹೋದೆ, ನಗುತ್ತಾ ಮಾತಾಡಿದೆ. ಶಾಲು ಹೊದ್ದ ಫೋಟೋವನ್ನು ನನ್ನವರು ನೆಂಟರಿಗೆಲ್ಲ ಕಳಿಸಿದ್ದರು. ಫೋನ್ ತೆಗೆದರೆ ಅಭಿನಂದನೆಗಳು. ಜಯಮ್ಮನ ನಂಬರ್ ಒತ್ತಿ, ಅವಳು ಎತ್ತುವ ಮೊದಲೇ ಕಟ್ ಮಾಡಿದೆ. ನಿಜ ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಲೈಸೆನ್ಸ್ ಹೋಗುತ್ತದಾ, ಕೇಸ್ ಆಗುತ್ತದಾ, ಮಗಳು ಶಾಲೆಯಲ್ಲಿ ತಲೆ ಎತ್ತುವುದು ಹೇಗೆ. ಜಯಮ್ಮ ತನ್ನ ಮಗಳಿಗೆ ಏನು ಹೇಳಿರಬಹುದು ಎಂಬ ಲೆಕ್ಕ ಮಾತ್ರ ಬರಲೇ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಪವಿತ್ರಳ ಬಿಪಿ ನೋಡುತ್ತಿದ್ದೆ.

"ಸಿಸ್ಟರ್, ಆ ಆಯಮ್ಮ ಯಾಕ್ ಬರ್ತಿಲ್ಲ? ಮಗೂನ ಅವ್ರಿಗೆ ತೋರಿಸ್ಬೇಕು" ಅಂದಳು.

"ರಜ" ಅಂದೆ.

"ನಂಗೆ ಎಲ್ಲಾ ಕತ್ಲೆ ಆಗ್ತಿತ್ತು. ಅವ್ರ್ ದನಿ ಒಂದೇ ಕೇಳ್ತಿದ್ದಿದ್ದು" ಅಂದಳು.

ಬಿಪಿ ಎಷ್ಟು ಎಂದು ನೋಡಿಕೊಳ್ಳದೆಯೇ ಪಟ್ಟಿ ಬಿಚ್ಚಿದೆ. ಮತ್ತೆ ಕಟ್ಟಿ ನೋಡಬೇಕಾಯಿತು.

ನಾನು ಸೇರಿದ ಮೊದಲ ವರ್ಷ, ಒಂದು ಜ್ವರದ ಅಂಕಿ ತಪ್ಪಾಗಿ ಬರೆದು ಬ್ಲೇಡಿನಲ್ಲಿ ಕೆರೆದದ್ದು ನಿಮಗೆ ಸಿಕ್ಕಿತ್ತು. ಬೈಯಲಿಲ್ಲ ನೀವು. "ಕೆರೀಬ್ಯಾಡ ಕಣೇ. ತಪ್ಪು ಕಾಣೋ ಹಂಗೆ ಅಡ್ಡ ಒಂದೇ ಗೀಟು ಹಾಕು, ಪಕ್ಕದಲ್ಲಿ ಸರಿ ಬರಿ, ಸೈನ್ ಹಾಕು. ತಪ್ಪು ಮಾಡ್ದೋರ ಹೆಸ್ರೂ ಇರ್ಬೇಕು, ತಿದ್ದೋರ ಹೆಸ್ರೂ ಇರ್ಬೇಕು" ಅಂದಿರಿ. ಪವಿತ್ರಳ ಮಂಚದಿಂದ ನೇರ ಮೇಜಿಗೆ ಹೋಗಿ ಕೇಸ್ ಶೀಟ್ ತೆಗೆದೆ. ಆ ಮೂರು ಸಾಲಿನ ಮೇಲೆ ಅಡ್ಡಗೀಟು ಎಳೆದೆ. ಪಕ್ಕದಲ್ಲಿ, ನಾನು ವಾರ್ಡಿನಿಂದ ಹೋದ ಸಮಯ, ವಾಪಸ್ ಬಂದ ಸಮಯ ಬರೆದೆ. ಸಡಿಲವಾದದ್ದನ್ನು ಗುರುತಿಸಿದ್ದು, ಉಜ್ಜಿದ್ದು, ಕರೆಸಿದ್ದು ಆಯಾ ಜಯಮ್ಮ ಎಂದು ಬರೆದೆ. ಶೀಟೆಲ್ಲ ಇಂಗ್ಲಿಷಿನಲ್ಲಿತ್ತು, ಅವಳ ಹೆಸರನ್ನು ಮಾತ್ರ ಕನ್ನಡದಲ್ಲಿ ಬರೆದೆ. ಅವಳು ಓದುವಂತಿರಲಿ ಎಂದು. ಸಹಿ ಹಾಕಿ ಶೀಟನ್ನು ಆಡಳಿತಾಧಿಕಾರಿಯ ಮುಂದಿಟ್ಟೆ.

ಆಡಳಿತಾಧಿಕಾರಿ ಆ ಪುಟವನ್ನು ಎರಡು ಸಲ ಓದಿದರು. ಅಷ್ಟರಲ್ಲಿ ನಾನು ವಿನುತಾ ಮೇಡಂಗೆ ಫೋನ್ ಮಾಡಿದ್ದೆ, ಅವರೂ ಬಂದರು. ಲೋಕೇಶನನ್ನು ನಾನೇ ಒಳಗೆ ಕರೆದೆ.

"ಸಿಸ್ಟರ್, ಯೋಚನೆ ಮಾಡಿ ಬರ್ದಿದೀರಾ ಇದನ್ನ? ನಿಮ್ ಕೆಲ್ಸಕ್ಕೇ ತೊಂದ್ರೆ ಆಗುತ್ತೆ" ಅಂದರು ಆಡಳಿತಾಧಿಕಾರಿ.

"ಮೂರು ದಿನ ಯೋಚನೆ ಮಾಡಿದೀನಿ ಸರ್."

ಲೋಕೇಶ್ ನನ್ನ ಕಡೆ ತಿರುಗಿದ. ನಿಧಾನವಾಗಿ ಕೇಳಿದ. "ಅಂದ್ರೆ ನನ್ ಹೆಂಡ್ತಿ ಅಲ್ಲಿ ಸಾಯ್ತಿದ್ಲು, ನೀವು ಕೆಳ್ಗಡೆ ಶಾಲು ಹೊದಿಸ್ಕೊಳ್ತಿದ್ರಿ."

"ಹೌದು" ಅಂದೆ. ಬೇರೆ ಏನು ಹೇಳಲಿ? "ಆಯಾ ಅಮುಕಿದ್ದಕ್ಕೆ ರಕ್ತ ಹೋಗ್ಲಿಲ್ಲ. ಅವ್ರು ಕೈ ಇಟ್ಟಿದ್ದಕ್ಕೇ ನಿಂತಿದ್ದು. ಅಲ್ಲಿ ಇರ್ಬೇಕಾಗಿದ್ದೋಳು ನಾನು."

ಅವನು ಮೇಡಂ ಮುಖ ನೋಡಿದ. "ನಿಜ" ಅಂದರು ಅವರು. "ಆಯಮ್ಮ ಕೈ ತೆಗ್ದಿದ್ರೆ ನಾನು ಬರೋಷ್ಟ್ರಲ್ಲಿ ನಿಮ್ ಮನೆಯವ್ರು ಇರ್ತಿರ್ಲಿಲ್ಲ. ಮತ್ತೆ ಕೆಳ್ಗಡೆ ಮುಂದಿನ ಸಾಲಲ್ಲಿ ನಾನೂ ಇದ್ದೆ. ಲೇಬರ್ ವಾರ್ಡಲ್ಲಿ ಯಾರಿದಾರೆ ಅಂತ ನಾನೂ ಕೇಳ್ಲಿಲ್ಲ."

ಲೋಕೇಶ್ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. "ಆ ಯಮ್ಮನ್ನ ಕೆಲ್ಸದಿಂದ ತೆಗ್ಸಿದ್ದು ನಾನಾ?" ಅಂದ. "ಮೊದ್ಲು ಅವ್ರನ್ನ ಕರೆಸಿ. ಆಮೇಲೆ ನಿಮ್ದು ನೋಡ್ತೀನಿ" ಎಂದು ನನಗೆ ಹೇಳಿ ಎದ್ದು ಹೋದ.

ಗುಬ್ಬಿಗೆ ನಾನೇ ಹೋದೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಜಯಮ್ಮ ಮನೆಯ ಮುಂದೆ ಕೂತು ರಾಗಿ ಕೇರುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಆದರೆ ಒಳಗೆ ಕರೆಯಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಮೊರ ಕೆಳಗಿಟ್ಟು ಕೇಳಿಸಿಕೊಂಡಳು.

"ನಾಳೆಯಿಂದ ಬನ್ನಿ ಜಯಮ್ಮ" ಅಂದೆ.

"ಏನ್ ಸಿಸ್ಟರ್, ಬನ್ನಿ ಅಂತೀರ" ಅಂದಳು. ಆರು ವರ್ಷ ಅವಳನ್ನು ಬಾ, ಹೋಗು ಎಂದೇ ಕರೆದಿದ್ದೆ, ನನಗಿಂತ ಏಳೆಂಟು ವರ್ಷ ದೊಡ್ಡವಳನ್ನು. ಆಮೇಲೆ ಅವಳು ರಾಗಿಯಲ್ಲಿದ್ದ ಒಂದು ಕಲ್ಲು ಹೆಕ್ಕಿ ಬಿಸಾಕಿ, ನನ್ನನ್ನು ನೋಡದೆ ಹೇಳಿದಳು. "ರಕ್ತ ನೋಡಿ ನಂಗೆ ಭಯ ಆಗ್ಲಿಲ್ಲ. ಸರೋಜ ಸಿಸ್ಟರ್ ಹೇಳ್ಕೊಟ್ಟಿದ್ರು. ಆ ರೂಮಲ್ಲಿ ನೀವು ಮಾತಾಡ್ನಿಲ್ವಲ್ಲ, ಆಗ ಭಯ ಆಯ್ತು. ಮೂರ್ ದಿನ ತಡ್ಕೊಂಡ್ರಲ್ಲ ಸಿಸ್ಟರ್. ನಾನು ಒಂದ್ ನಿಮಿಷ ಕೈ ತೆಗೀಲಿಲ್ಲ."

ಕ್ಷಮಿಸಿ ಅಂದೆ. "ಹೂಂ" ಅಂದಳು. ಮಾರನೆಯ ದಿನ ಮೊದಲ ಬಸ್ಸಿಗೆ ಬಂದಳು.

ನನಗೆ ಮೆಮೋ ಬಂತು. ಇನ್‌ಚಾರ್ಜ್ ಸ್ಥಾನದಿಂದ ತೆಗೆದು ಕೆಳಗೆ ಇಂಜೆಕ್ಷನ್ ರೂಮಿಗೆ ಹಾಕಿದರು. ಲೋಕೇಶ್ ಕೇಸು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ನಾನು ಕೇಳಿಲ್ಲ. ಹೆರಿಗೆಯಾದ ಎರಡು ಗಂಟೆ ನರ್ಸ್ ಯಾವ ಕಾರಣಕ್ಕೂ ವಾರ್ಡ್ ಬಿಡುವಂತಿಲ್ಲ ಎಂದು ಆದೇಶವಾಯಿತು. ಜಯಮ್ಮನಿಗೂ ಹಾಲಿನಲ್ಲಿ ಸನ್ಮಾನ ಮಾಡೋಣ ಎಂದು ಆಡಳಿತಾಧಿಕಾರಿ ಹೊರಟರಂತೆ. "ಶಾಲು ಬ್ಯಾಡ ಸಾರ್. ಡ್ಯೂಟಿ ಚಾರ್ಟಲ್ಲಿ ಆಯಾ ಒಂದು, ಆಯಾ ಎರಡು ಅಂತ ಹಾಕ್ತೀರಲ್ಲ, ಹೆಸ್ರು ಹಾಕಿ" ಅಂದಳಂತೆ. ಈಗ ಹೆಸರಿದೆ, ಎಲ್ಲರದೂ. ಪ್ರತಿ ಬುಧವಾರ ಮಧ್ಯಾಹ್ನ ವಿನುತಾ ಮೇಡಂ ಎಲ್ಲ ಆಯಾಗಳಿಗೂ ನೀವು ಹೇಳಿಕೊಡುತ್ತಿದ್ದುದನ್ನೇ ಹೇಳಿಕೊಡುತ್ತಾರೆ, ಬಾಗಿಲು ತೆರೆದಿಟ್ಟುಕೊಂಡು. ಕೈ ಎಲ್ಲಿಡಬೇಕು, ಎಷ್ಟು ಬಲ ಹಾಕಬೇಕು ಎಂದು ತೋರಿಸುವುದು ಜಯಮ್ಮ. ಒಂದು ದಿನ ಔಷಧಿ ಕೊಡುವ ನೆಪದಲ್ಲಿ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ನಿಮ್ಮ ಹಾಗೆಯೇ ಹುಬ್ಬು ಗಂಟು ಹಾಕುತ್ತಾಳೆ.

ನಿನ್ನೆ ಪವಿತ್ರ ಮಗುವಿಗೆ ಮೂರೂವರೆ ತಿಂಗಳ ಚುಚ್ಚುಮದ್ದು ಹಾಕಿಸಲು ನನ್ನ ರೂಮಿಗೇ ಬಂದಳು. ಲೋಕೇಶ್ ಹಿಂದೆ ನಿಂತಿದ್ದ. ನನ್ನನ್ನು ಗುರುತಿಸಿದ. ಅವನ ಮಗಳ ತೊಡೆಗೆ ಸೂಜಿ ಚುಚ್ಚಬೇಕು, ಅವನು ನನ್ನ ಕೈಯನ್ನೇ ನೋಡುತ್ತಿದ್ದಾನೆ. ಅಂಥ ಒಂದು ನಿಮಿಷ ನಿಮಗೆ ಯಾವತ್ತಾದರೂ ಬಂದಿತ್ತಾ? ಚುಚ್ಚಿದೆ, ಮಗು ಅತ್ತಿತು, ನಿಂತಿತು. ಕಾರ್ಡು ತೆಗೆದುಕೊಳ್ಳುವಾಗ ಲೋಕೇಶ್ ತಲೆ ಆಡಿಸಿದ. "ಜಯಮ್ಮೋರು ಎಲ್ಲವ್ರೆ?" ಎಂದು ಪವಿತ್ರ ಕೇಳಿದಳು. ನಾನೇ ಮೇಲಕ್ಕೆ ಕರೆದುಕೊಂಡು ಹೋದೆ. ಜಯಮ್ಮ ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಮಗುವನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ನಿಮ್ಮವ್ವನ್ನ ಎಷ್ಟ್ ಹೆದರಿಸ್ಬುಟ್ಟೆ ನೀನು" ಅಂದಳು. ಪವಿತ್ರ ಅತ್ತುಬಿಟ್ಟಳು.

ಅವರು ಹೋದ ಮೇಲೆ ನಾನೂ ಮೆಟ್ಟಿಲ ಕಡೆ ತಿರುಗಿದೆ. ಜಯಮ್ಮ ಹಿಂದಿನಿಂದ ಕರೆದಳು.

"ಸಿಸ್ಟರ್, ಸೋಮವಾರದಿಂದ ನೀವು ಮೇಲಕ್ಕೆ ಬರ್ಬೇಕಂತೆ. ಇನ್‌ಚಾರ್ಜ್ ಅಲ್ಲ, ಸುಮ್ನೆ ನರ್ಸ್. ಮೇಡಂ ಹೇಳ್ತಾರೆ."

"ಯಾರ್ ಹೇಳಿದ್ದು ಮೇಡಂಗೆ?"

"ನಾನೇ ಕೇಳ್ದೆ. ಈಗಿರೋ ಹುಡ್ಗಿಗೆ ನರ ಸಿಗಲ್ಲ, ಪೇಷಂಟ್‌ಗಳು ಅಳ್ತಾವೆ." ಬಕೆಟಿಗೆ ಬಗ್ಗಿ, "ನಂಗೆ ನಿಮ್ ಮೇಲೆ ಬೇಜಾರು ಹೋಗಿಲ್ಲ. ಅದು ಬೇರೆ, ಇದು ಬೇರೆ" ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಇದೇ ಅಕ್ಕಾ, ನಿಮಗೆ ತಿಳಿಯದೆ ಉಳಿದ ಸುದ್ದಿ. ಸೋಮವಾರ ಬೆಳಗಿನ ಪಾಳಿ, ಜಯಮ್ಮನೂ ನಾನೂ. ಅವಳ ಜೊತೆ ಒಂದೇ ಮಂಚದ ಆಚೆ ಈಚೆ ನಿಲ್ಲಬೇಕು. ಹೋಗುತ್ತೇನೆ. ಅವಳಿಗಿಂತ ಮೊದಲು ಹೋಗಿರುತ್ತೇನೆ.

ನಿಮ್ಮ
ಮಂಗಳ